ಕಂಪ್ಯೂಟರ್ ಕಟ್ಟೆ: ಬಾವಿಗಿಳಿದ ಕುಳ್ಳರು

ಕಳೆದ ಸಂಚಿಕೆಯಲ್ಲಿ ಡ್ವಾರ್ಫ್ ಫೋರ್ಟ್ರೆಸ್ ಎಂಬ ಕೋಟೆ ಕಟ್ಟುವ ಆಟದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೇ ಇಷ್ಟು ಪತ್ರ ಬಂದಿವೆ. ಓದಿದರೆ ಹೆಚ್ಚಿನವರ ಕಷ್ಟ ಒಂದೇ: ನೇರ ಕೆಳಕ್ಕೆ ತೋಡಲು ಹೋಗಿ ಕೆಲಸದವರನ್ನು ಕಳೆದುಕೊಂಡದ್ದು. ಹಾಗಾಗಿ ಪ್ರಿಂಟರ್, ಆಂಟಿವೈರಸ್, ಕನ್ನಡ ಕೀಬೋರ್ಡಿನ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟಿದ್ದೇನೆ. ಕಳಿಸಿದವರು ದಯವಿಟ್ಟು ಕಾಯಬೇಕು.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಏಳು ಮಂದಿ ಕುಳ್ಳರು ಒಂದು ಗಾಡಿ ಸಾಮಾನು ಕಟ್ಟಿಕೊಂಡು ಜನವಿಲ್ಲದ ಜಾಗಕ್ಕೆ ಬಂದಿಳಿಯುತ್ತಾರೆ. ನೆಲದಡಿ ಕಡಿದು, ಮನೆ, ಗೋದಾಮು, ಆಸ್ಪತ್ರೆ, ಕಮ್ಮಾರಸಾಲೆ ಮಾಡಿಕೊಂಡು ಬದುಕುತ್ತಾರೆ. ನಾವು ಯಾರನ್ನೂ ಕೈಹಿಡಿದು ನಡೆಸುವುದಿಲ್ಲ. ಎಲ್ಲಿ ಕಡಿಯಬೇಕೆಂದು ಗುರುತು ಹಾಕುತ್ತೇವೆ. ಪಿಕ್ಕಾಸು ಇದ್ದವನು ಬಂದು ಕಡಿಯುತ್ತಾನೆ. ಭೂಮಿ ಒಂದರ ಕೆಳಗೊಂದು ಮಟ್ಟಗಳಾಗಿ ಉಂಟು. ಮೇಲೆ ಮಣ್ಣು, ಅದರ ಕೆಳಗೆ ಕಲ್ಲು, ನಡುವೆ ಮೂರು ಅಂತಸ್ತಿನ ಗುಹೆಗಳು, ಅದಕ್ಕೂ ಕೆಳಗೆ ಮ್ಯಾಗ್ಮಾದ, ಅಂದರೆ ಕರಗಿದ ಕಲ್ಲಿನ ಸಮುದ್ರ. ಟಾರ್ನ್ ಆಡಮ್ಸ್ ಮತ್ತು ಝಾಕ್ ಆಡಮ್ಸ್ ಎಂಬ ಅಣ್ಣತಮ್ಮಂದಿರು ಇದನ್ನು 2006ರಲ್ಲಿ ಹೊರತಂದರು. ಆಗ ಇದರಲ್ಲಿ ಆಳ ಎಂಬುದೇ ಇರಲಿಲ್ಲ, ಗುಡ್ಡದ ಬದಿಯಿಂದ ಅಡ್ಡಕ್ಕೆ ಕೊರೆಯುತ್ತಾ ಹೋಗುವುದಷ್ಟೆ. ಮೇಲೆ-ಕೆಳಗೆ ಎಂಬುದು ಬಂದದ್ದು 2007ರಲ್ಲಿ. ಬಾವಿ ತೋಡುವ ಸುಖವೂ ಕಷ್ಟವೂ ಶುರುವಾದದ್ದು ಅಲ್ಲಿಂದ.

ನನಗೆ ಈ ಆಟ ಹಿಡಿಸಿದ್ದಕ್ಕೆ ಕಾರಣ ಮನೆಯಲ್ಲೇ ಉಂಟು. ನನ್ನ ಅಪ್ಪ ಬಾವಿ ಕೆಲಸದವರು. ಕಿನ್ನಿಗೋಳಿ, ಮೂಲ್ಕಿ, ಕಟೀಲು ಸುತ್ತಮುತ್ತ ಮೂವತ್ತು ವರ್ಷ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು ಕಡಿದವರು. ಬೇಸಗೆ ರಜೆಯಲ್ಲಿ ಅವರಿಗೆ ಮಧ್ಯಾಹ್ನದ ಗಂಜಿ ತೆಗೆದುಕೊಂಡು ಹೋಗಿ, ಬಾವಿಯ ದಂಡೆಯಿಂದ ಎರಡು ಮಾರು ದೂರ ಕೂತು ನೋಡಿದ ಹುಡುಗಿ ನಾನು. ಈಗ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಸಂಜೆ ಶಟರ್ ಅರ್ಧ ಎಳೆದ ಮೇಲೆ ಒಂದು ಗಂಟೆ ಕುಳ್ಳರ ಜೊತೆ.

ಇನ್ನು ಪ್ರಶ್ನೆಗಳಿಗೆ ಬರುವ.

ಪ್ರಶ್ನೆ: ಅಕ್ಕಾ, ಕೋಟೆಯ ಕಸವನ್ನೆಲ್ಲ ಮ್ಯಾಗ್ಮಾಕ್ಕೆ ಎಸೆಯಬೇಕೆಂದು ಮೂರಕ್ಕೆ ಮೂರು ಚೌಕದ ಗುಂಡಿಯನ್ನು ನೇರ ಕೆಳಕ್ಕೆ 50 ಮಟ್ಟ ತೋಡಲು ‘ಚಾನೆಲ್’ ಗುರುತು ಹಾಕಿದೆ, ಎಲ್ಲ ಮಟ್ಟಕ್ಕೂ ಒಟ್ಟಿಗೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮೂವರು ಕೆಳಗೆ ಸಿಕ್ಕಿಬಿದ್ದಿದ್ದರು, ಬಾಯಾರಿಕೆಯಿಂದಲೇ ಸತ್ತರು. ಅವರ ನಂತರ ಕೆಲಸಕ್ಕೆ ಹೋದ ಇನ್ನೊಬ್ಬ ಮೇಲಿಂದ ಬಿದ್ದ. ನನ್ನ ನಾಲ್ಕೂ ಪಿಕ್ಕಾಸು ಗುಂಡಿಯೊಳಗೇ ಉಂಟು. ಎಲ್ಲಿ ತಪ್ಪಿದೆ?
— ಇಂಜಿನಿಯರಿಂಗ್ ವಿದ್ಯಾರ್ಥಿ, ನಿಟ್ಟೆ

ಉತ್ತರ: ತಮ್ಮಾ, ಅವರ ಜೀವ ಹೋದದ್ದು ಬಾಯಾರಿಕೆಯಿಂದ ಇರಬಹುದು. ದಾರಿ ತಪ್ಪಿದ್ದು ಮಾತ್ರ ಎರಡನೇ ಮಟ್ಟದಲ್ಲೇ, ಇನ್ನೂ 48 ಮಟ್ಟ ಬಾಕಿ ಇರುವಾಗ. ಅದು ಹೇಗೆಂದು ನಿಧಾನಕ್ಕೆ ನೋಡುವ, ಯಾಕೆಂದರೆ ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ಇದೇ ತಪ್ಪು.

ಚಾನೆಲ್ ಗುರುತು ಹಾಕಿದ ಚೌಕದ ಪಕ್ಕದಲ್ಲಿ ಕೆಲಸದವನು ನಿಲ್ಲುತ್ತಾನೆ. ಆ ಚೌಕದ ನೆಲವನ್ನು ತೆಗೆಯುತ್ತಾನೆ. ಅದರ ಕೆಳಗೆ ಗಟ್ಟಿ ಕಲ್ಲಿದ್ದರೆ ಅದನ್ನೂ ಕಡಿದು ಒಂದು ಇಳಿಜಾರು ಬಿಡುತ್ತಾನೆ. ಈ ಇಳಿಜಾರನ್ನು ನೋಡಿಯೇ ನಾವು ಮೋಸಹೋಗುವುದು. ಹತ್ತಲು ದಾರಿ ಉಂಟಲ್ಲ ಎಂದು ಕಾಣುತ್ತದೆ. ಆದರೆ ಇಳಿಜಾರಿನಿಂದ ಹತ್ತಬೇಕಾದರೆ ಅದರ ತಲೆಯ ಮಟ್ಟದಲ್ಲಿ, ಪಕ್ಕದ ಗೋಡೆಯ ಮೇಲೆ, ಕಾಲಿಡಲು ನೆಲ ಬೇಕು. ಮೊದಲ ಮಟ್ಟದಲ್ಲಿ ಆ ನೆಲ ಉಂಟು, ಗುಂಡಿಯ ಬಾಯಿಯ ಸುತ್ತಲಿನ ಅಂಗಳವೇ ಅದು. ಎರಡನೇ ಮಟ್ಟಕ್ಕೆ ಇಳಿದ ಮೇಲೆ? ಅಲ್ಲಿಯ ಇಳಿಜಾರಿನ ತಲೆಗೆ ಸಿಗುವುದು ಒಂದನೇ ಮಟ್ಟದ ಬದಿ ಗೋಡೆ, ಅಂದರೆ ಗಟ್ಟಿ ಕಲ್ಲು. ಒಂದನೇ ಮಟ್ಟದಲ್ಲಿದ್ದ ಇಳಿಜಾರುಗಳನ್ನು ಅವರೇ ಕಡಿದು ಮುಗಿಸಿದ್ದಾರೆ. ಇಳಿಜಾರು ಕಾಲಡಿಯಲ್ಲಿ ಉಂಟು, ಅದು ಎಲ್ಲಿಗೂ ಹೋಗುವುದಿಲ್ಲ. ಆ ಮೂವರು ಕೆಳಗೆ ಸಿಕ್ಕಿಬಿದ್ದ ಮೇಲೂ ಗುರುತು ಇದ್ದಷ್ಟು ದೂರ ಪ್ರಾಮಾಣಿಕವಾಗಿ ಕಡಿಯುತ್ತಲೇ ಇಳಿದಿರುತ್ತಾರೆ. ನನಗೆ ಈ ಆಟದಲ್ಲಿ ಹೊಟ್ಟೆ ಚುರುಕ್ ಎನ್ನುವುದು ಅಲ್ಲಿ.

ನಮ್ಮ ಕಡೆಯ ಬಾವಿಯಲ್ಲಿ ಇದಕ್ಕೆ ಮಾಡುವ ಉಪಾಯ ನಿನಗೆ ಗೊತ್ತಿರಬಹುದು. ಹಳೆ ಮುರಕಲ್ಲಿನ ಬಾವಿಗೆ ಬಗ್ಗಿ ನೋಡಿದರೆ ಗೋಡೆಯಲ್ಲಿ ಎದುರುಬದುರಾಗಿ ಕಾಲಿಡುವ ಸಣ್ಣ ಗೂಡುಗಳು ಕಾಣುತ್ತವೆ. ಅವನ್ನು ಬಾವಿ ಮುಗಿದ ಮೇಲೆ ಮಾಡಿದ್ದಲ್ಲ. ಅಪ್ಪ ಪ್ರತಿ ಎರಡಡಿ ಇಳಿದ ಹಾಗೆ ಮೊದಲು ಗೂಡು ಕಡಿದು, ಅದರಲ್ಲಿ ಕಾಲಿಟ್ಟು ಒಮ್ಮೆ ಮೇಲೆ ಬಂದು ಮತ್ತೆ ಇಳಿದು, ಆಮೇಲೆ ಬುಡಕ್ಕೆ ಪಿಕ್ಕಾಸು ಹಾಕುತ್ತಿದ್ದರು. ಮುರಕಲ್ಲು ಹೊಸದಾಗಿ ತೆರೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿ ಗೂಡು ಕಡಿಯಲು ಅದೇ ಹೊತ್ತು ಸರಿ. ನಾಳೆಗೆ ಇಟ್ಟರೆ ಎರಡು ಪಾಲು ಕಷ್ಟ.

ಆಟದಲ್ಲಿ ಗೂಡಿನ ಬದಲು ಪಕ್ಕದ ಮೆಟ್ಟಿಲು. ಗುಂಡಿಯಿಂದ ಒಂದು ಚೌಕ ಬಿಟ್ಟು ಮೊದಲು ಮೆಟ್ಟಿಲನ್ನು ನೇರ ಕೆಳಗಿನ ತನಕ ಕಡಿಸು. ಈಗಿನ ಆವೃತ್ತಿಯಲ್ಲಿ ಮೇಲಿನ ಮಟ್ಟ, ಕೆಳಗಿನ ಮಟ್ಟ ಎರಡನ್ನು ಒತ್ತಿದರೆ ನಡುವಿನ ಮೆಟ್ಟಿಲೆಲ್ಲ ತಾನೇ ಗುರುತಾಗುತ್ತದೆ. ಆಮೇಲೆ ಪ್ರತಿ ಮಟ್ಟದಲ್ಲೂ ಮೆಟ್ಟಿಲಿಗೂ ಗುಂಡಿಗೂ ನಡುವೆ ಉಳಿದ ಆ ಒಂದು ಚೌಕವನ್ನು ಸಾದಾ ಕಡಿಸು. ಇದು ಕಿಂಡಿ. ಇನ್ನು ಗುಂಡಿಯ ಚಾನೆಲ್ ಕೆಲಸವನ್ನು ಮೇಲಿನಿಂದ ಶುರು ಮಾಡು. ಒಂದು ಮಟ್ಟ ಪೂರ್ತಿ ಮುಗಿಯದೆ ಕೆಳಗಿನದಕ್ಕೆ ಹೋಗಬಾರದು. ಕಡಿಯುವ ಗುರುತಿಗೆ 1ರಿಂದ 7ರ ತನಕ ಆದ್ಯತೆ ಕೊಡಬಹುದು, 1 ಎಂದರೆ ಮೊದಲು. ಸುಮ್ಮನೆ ಗುರುತು ಹಾಕಿದರೆ ಎಲ್ಲವೂ 4. ನೀನು 50 ಮಟ್ಟಕ್ಕೂ ಒಟ್ಟಿಗೆ 4 ಹಾಕಿದ್ದೀ. ಮೇಲಿನದು ಮೊದಲು, ಕೆಳಗಿನದು ಆಮೇಲೆ ಎಂದು ಅವರಿಗೆ ಹೇಳಿದವರು ಯಾರೂ ಇಲ್ಲ. ಏಳೇಳು ಮಟ್ಟದ ಕಂತು ಮಾಡು. ಒಂದು ಕಂತು ಮುಗಿದ ಮೇಲೆ ಇನ್ನೊಂದು. ಉಳಿದದ್ದನ್ನು ನೀಲನಕ್ಷೆಯ ಗುರುತಿನಲ್ಲಿ ಇಟ್ಟರೆ ನೀನು ಬಿಡುವ ತನಕ ಯಾರೂ ಅದನ್ನು ಮುಟ್ಟುವುದಿಲ್ಲ.

ಹೀಗೆ ಮಾಡಿದರೆ ಕಡಿಯುವವನು ಯಾವ ಮಟ್ಟದಲ್ಲಿದ್ದರೂ ಅವನ ಬೆನ್ನಿಗೆ ಕಿಂಡಿ, ಕಿಂಡಿಯಾಚೆ ಮೆಟ್ಟಿಲು. ಆ ಮಟ್ಟದ ಒಂಬತ್ತೂ ಚೌಕದ ನೆಲ ಹೋಗಿ ಕೆಳಗಿನ ಇಳಿಜಾರಿಗೆ ಇಳಿದರೂ ಅಲ್ಲಿಗೂ ಒಂದು ಕಿಂಡಿ ಮೊದಲೇ ತೆರೆದಿರುತ್ತದೆ. ಕಿಂಡಿಯಿಂದ ದೂರದ ಸಾಲನ್ನು ಮೊದಲು ತೆಗೆಸಬೇಕು, ಹತ್ತಿರದ್ದು ಕೊನೆಗೆ. ಇಡೀ ಗುಂಡಿಗೆ ಒಬ್ಬನೇ ಕೆಲಸದವ ಸಾಕು. ಇಬ್ಬರನ್ನು ಬಿಟ್ಟರೆ ಒಬ್ಬನ ಕಾಲಡಿಯ ಚೌಕವನ್ನು ಇನ್ನೊಬ್ಬ ತೆಗೆಯುವ ಅಪಾಯ ಉಂಟು. ನಿನ್ನ ನಾಲ್ಕನೆಯವನು ಬಿದ್ದದ್ದೂ ಹಾಗೆಯೇ ಏನೋ ಆಗಿರಬೇಕು.

ಇನ್ನೊಂದು ಮಾತು. ಕಸ ಎಸೆಯಲು ಮೂರಕ್ಕೆ ಮೂರು ಯಾಕೆ? ಒಂದೇ ಚೌಕ ಸಾಕು. ಗುಂಡಿಯ ಬಾಯಿಯ ಪಕ್ಕದಲ್ಲಿ ಕಸದ ವಲಯ ಗುರುತು ಮಾಡಿದರೆ ಅವರೇ ತಂದು ಒಳಕ್ಕೆ ಎಸೆಯುತ್ತಾರೆ. ಒಂದು ಚೌಕವಾದರೆ ಕಿಂಡಿಯಲ್ಲೇ ನಿಂತು ಕಡಿಯಬಹುದು, ಗುಂಡಿಯೊಳಗೆ ಕಾಲಿಡುವ ಕೆಲಸವೇ ಇಲ್ಲ. ಕಡಿತ ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಗಲ ಬಾವಿ ನೋಡಲು ಚಂದ, ಅದು ಹೌದು.

ಕೊನೆಯ ಮಟ್ಟವನ್ನು ಒಡೆಯುವ ಮೊದಲು ಮೇಲಿನ ಕಿಂಡಿಗಳನ್ನೆಲ್ಲ ಮೆಟ್ಟಿಲ ಕಡೆಯಿಂದ ಗೋಡೆ ಕಟ್ಟಿ ಮುಚ್ಚಿಸು. ಮ್ಯಾಗ್ಮಾ ತಾನಾಗಿ ಮೇಲೇರಿ ಬರುವುದಿಲ್ಲ, ಅದಕ್ಕೆ ನೀರಿನ ಹಾಗೆ ಒತ್ತಡ ಇಲ್ಲ. ಅದರೊಳಗೆ ಇರುವ ಜೀವಿಗಳು ಮಾತ್ರ ಬರುತ್ತವೆ. ಗುಹೆಯ ಅಂತಸ್ತು ಸಿಕ್ಕಿದರೂ ಹೀಗೆಯೇ: ಬಾವಿ ಗುಹೆಯ ಗಾಳಿಗೆ ತೆರೆದುಕೊಂಡರೆ ರೆಕ್ಕೆ ಇದ್ದವಕ್ಕೆ ನಿನ್ನ ಮೆಟ್ಟಿಲೇ ಬೇಡ. ಗುಹೆ ತೋರಿದ ಕೂಡಲೇ ಕೆಲಸ ನಿಲ್ಲಿಸಿ, ಹತ್ತು ಚೌಕ ಆಚೆ ಸರಿದು, ಗುಹೆಯ ಕಲ್ಲಿನ ಕಂಬ ಇದ್ದಲ್ಲಿ ಹೊಸದಾಗಿ ಇಳಿಯುವುದು ನನ್ನ ಕ್ರಮ.

ಮತ್ತೆ ಮ್ಯಾಗ್ಮಾದ ಬಾಯಿಗೆ ತೂಬು ಇಡುವುದಿದ್ದರೆ ಅದರ ಕಲ್ಲು ಮ್ಯಾಗ್ಮಾ ತಡೆಯುವಂಥದ್ದಾಗಬೇಕು. ಆಟದಲ್ಲಿ ಅದಕ್ಕೆ ಹೆಸರಾದದ್ದು ಬಾಕ್ಸೈಟ್. ಅದು ನಮ್ಮ ಮುರಕಲ್ಲಿನ ದಾಯಾದಿ. ಮಳೆ ಲಕ್ಷಾಂತರ ವರ್ಷ ಕಲ್ಲನ್ನು ತೊಳೆದು ಕಬ್ಬಿಣದ ಅಂಶ ಹೆಚ್ಚು ಉಳಿದರೆ ನಮ್ಮ ಅಂಗಳದ ಕೆಂಪು ಕಲ್ಲು, ಅಲ್ಯುಮಿನಿಯಂ ಅಂಶ ಹೆಚ್ಚು ಉಳಿದರೆ ಬಾಕ್ಸೈಟ್.

ಪ್ರಶ್ನೆ: ಒಬ್ಬ ಕೆಲಸದವ ಒಂದು ಚೌಕದ ಗುಂಡಿಯ ಬುಡದಲ್ಲಿ ಬದುಕಿದ್ದಾನೆ. ಮೇಲಿಂದ ಊಟ ಕೊಡಲು ಆಗುತ್ತದಾ?
— ಎಂಟನೇ ತರಗತಿ, ಕಾಪು

ಉತ್ತರ: ಊಟಕ್ಕಿಂತ ಮೊದಲು ದಾರಿ ಕೊಡು ಮಗಾ. ಅವನ ಕೈಯಲ್ಲಿ ಪಿಕ್ಕಾಸು ಉಂಟಲ್ಲ? ಅವನ ಪಕ್ಕದ ಗೋಡೆಯ ಚೌಕಕ್ಕೆ ಮೇಲೆ ಹೋಗುವ ಮೆಟ್ಟಿಲಿನ ಗುರುತು ಹಾಕು. ಅದರ ನೇರ ಮೇಲಿನ ಚೌಕಗಳಿಗೆ ಮೇಲೆ-ಕೆಳಗೆ ಎರಡೂ ಕಡೆ ಹೋಗುವ ಮೆಟ್ಟಿಲು, ನಿನ್ನ ಕೋಟೆಯ ನೆಲ ಸಿಗುವ ತನಕ. ಅವನು ಮೆಟ್ಟಿಲಲ್ಲೇ ನಿಂತು ತಲೆಯ ಮೇಲಿನದನ್ನು ಕಡಿಯುತ್ತಾ ಬರುತ್ತಾನೆ. ಪಿಕ್ಕಾಸು ಇಲ್ಲದಿದ್ದರೆ ಮೇಲಿಂದ ಇನ್ನೊಬ್ಬನನ್ನು ಅದೇ ದಾರಿಯಲ್ಲಿ ಇಳಿಸು. ಕಾಲು ಮುರಿದಿದ್ದರೆ ಹೊತ್ತು ತರಲು ಜನ ಬೇಕು, ಆಸ್ಪತ್ರೆಯ ವಲಯದಲ್ಲಿ ಹಾಸಿಗೆ, ದಬ್ಬೆ, ಊರುಗೋಲು, ಸಾಬೂನು ಇರಬೇಕು. ಈಗಲೇ ಮಾಡು, ಪತ್ರಿಕೆ ಬರುವ ತನಕ ಆಟವನ್ನು ನಿಲ್ಲಿಸಿಟ್ಟಿದ್ದೀ ಎಂದು ನಂಬಿದ್ದೇನೆ.

ಪ್ರಶ್ನೆ: ಮೇಡಂ, ಮಗ ಎಸ್ಸೆಸ್ಸೆಲ್ಸಿ ಮುಗಿಸಿ ರಜೆಯಲ್ಲಿದ್ದಾನೆ. ದಿನವಿಡೀ ಕಪ್ಪು ಪರದೆಯಲ್ಲಿ ಅಕ್ಷರಗಳನ್ನು ನೋಡುತ್ತಾ ‘ಗ್ಯಾಬ್ರೋ ಸಿಕ್ಕಿತು’ ಅನ್ನುತ್ತಾನೆ. ಇದು ಆಟವೋ ಬೇರೆಯೋ? ಚಿತ್ರ ಬರುವ ಆವೃತ್ತಿ ಬೇಕಂತೆ, ಹೊಸ ಕಂಪ್ಯೂಟರ್ ಬೇಕಂತೆ.
— ಗೃಹಿಣಿ, ಬ್ರಹ್ಮಾವರ

ಉತ್ತರ: ಆಟವೇ ಅಮ್ಮ. ಅವನು ಆಡುತ್ತಿರುವುದು ಉಚಿತವಾಗಿ ಸಿಗುವ ಹಳೆಯ ರೂಪ, ಅದರಲ್ಲಿ ಕುಳ್ಳರೂ ಕಲ್ಲೂ ಎಲ್ಲ ಅಕ್ಷರ ಮತ್ತು ಚಿಹ್ನೆಗಳೇ. ಚಿತ್ರಗಳಿರುವ ಆವೃತ್ತಿ 2022ರ ಡಿಸೆಂಬರ್ 6ರಂದು ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಬಂತು, ಅದಕ್ಕೆ ದುಡ್ಡು ಕೊಡಬೇಕು. ಆಟದ ಒಳಗುಟ್ಟು ಎರಡರಲ್ಲೂ ಒಂದೇ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 2012ರಲ್ಲಿ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡ ಆಟಗಳಲ್ಲಿ ಇದೂ ಒಂದು.

ಹೊಸ ಕಂಪ್ಯೂಟರ್ ಈಗಲೇ ಬೇಡ. ನಮ್ಮ ಅಂಗಡಿಯ ಹಳೆಯ ಐ-3 ಲ್ಯಾಪ್‌ಟಾಪಿನಲ್ಲಿ ನಾನು ವರ್ಷಗಟ್ಟಲೆ ಆಡಿದ್ದೇನೆ. ಶುರುವಿನಲ್ಲಿ ಲೋಕ ಸೃಷ್ಟಿಸುವಾಗ ಸಣ್ಣ ಲೋಕ, ಕಡಿಮೆ ವರ್ಷಗಳ ಇತಿಹಾಸ ಎಂದು ಆರಿಸಲಿ, ಕೋಟೆಯ ಜನಸಂಖ್ಯೆಗೆ ಮಿತಿ ಹಾಕಲಿ. ಕೋಟೆಯನ್ನು ಅಡ್ಡಕ್ಕೆ ಹರಡುವ ಬದಲು ಒಂದು ನಡು ಮೆಟ್ಟಿಲ ಸುತ್ತ ಮೇಲೆ-ಕೆಳಗೆ ಕಟ್ಟಲಿ. ಆಟದಲ್ಲಿ ಒಂದು ಮಟ್ಟ ಇಳಿಯುವುದೂ ಒಂದು ಚೌಕ ನಡೆಯುವುದೂ ಒಂದೇ ಹೆಜ್ಜೆ. ಮಲಗುವ ಕೋಣೆಯಿಂದ ಊಟದ ಸಾಲೆಗೆ ಎಂಬತ್ತು ಹೆಜ್ಜೆ ಇದ್ದದ್ದು ಹತ್ತಕ್ಕೆ ಬರುತ್ತದೆ. ನೂರು ಮಂದಿ ದಾರಿ ಹುಡುಕುವ ಲೆಕ್ಕ ಕಡಿಮೆಯಾದಷ್ಟು ಕಂಪ್ಯೂಟರಿಗೆ ಉಸಿರು.

ಗ್ಯಾಬ್ರೋ ಎಂಬುದು ನಿಜವಾದ ಕಲ್ಲು. ಈ ಆಟದ ಭೂಮಿಯಲ್ಲಿ ನೈಸ್, ಡಯೋರೈಟ್, ಮೈಕ್ರೋಕ್ಲೈನ್, ರಯೋಲೈಟ್ ಎಲ್ಲ ತಮ್ಮ ತಮ್ಮ ಜಾತಿಯ ಪದರದಲ್ಲಿ ಸಿಗುತ್ತವೆ. ರಜೆ ಮುಗಿಯುವ ಮೊದಲು ಅವನನ್ನು ಒಂದು ದಿನ ಮಲ್ಪೆಗೆ ಕರೆದುಕೊಂಡು ಹೋಗಿ ದೋಣಿ ಹತ್ತಿಸಿ. ಸೇಂಟ್ ಮೇರೀಸ್ ದ್ವೀಪದ ಆ ಆರುಮೂಲೆಯ ಕಂಬಗಳು ಲಾವಾ ತಣ್ಣಗಾಗುವಾಗ ಬಿರಿದು ಆದವು, ಭಾರತಕ್ಕೂ ಮಡಗಾಸ್ಕರ್‌ಗೂ ನೆಲ ಬೇರೆಯಾದ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಿಂದಿನದು. ಅವನು ಪರದೆಯಲ್ಲಿ ಓದಿದ ರಯೋಲೈಟ್ ಜಾತಿಯ ಕಲ್ಲನ್ನು ಅಲ್ಲಿ ಕೈಯಿಂದ ಮುಟ್ಟಬಹುದು. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ, ಅಷ್ಟರೊಳಗೆ ಹೋಗಿ. ಸಮಯದ ಮಟ್ಟಿಗೆ, ದಿನಕ್ಕೆ ಎರಡು ಗಂಟೆ ಎಂದು ಕಟ್ಟು ಹಾಕಿದರೆ ತಪ್ಪಿಲ್ಲ.

ಪ್ರಶ್ನೆ: ಮೆಟ್ಟಿಲು ಕಡಿಯುತ್ತಾ ಆರನೇ ಮಟ್ಟಕ್ಕೆ ಬಂದಾಗ ‘ಒದ್ದೆ ಕಲ್ಲು’ ಎಂದು ಸೂಚನೆ ಬಂದು ಕೆಲಸ ನಿಂತಿತು. ಮತ್ತೆ ಗುರುತು ಹಾಕಿದೆ, ಮತ್ತೆ ನಿಂತಿತು, ಮತ್ತೆ ಹಾಕಿದೆ. ಈಗ ಕೆಳಗೆಲ್ಲ ನೀರು. ನಿಧಾನಕ್ಕೆ ಏರುತ್ತಾ ಉಂಟು.
— ಮೆಡಿಕಲ್ ಅಂಗಡಿ ಉದ್ಯೋಗಿ, ಪಡುಬಿದ್ರಿ

ಉತ್ತರ: ಕೆಲಸದವನು ಎರಡು ಸಲ ಪಿಕ್ಕಾಸು ಕೆಳಗಿಟ್ಟು ಹೇಳಿದ್ದಾನೆ. ನಮ್ಮ ಕಡೆ ಬಾವಿಗೆ ಇಳಿದವನು ಒಂದು ಸಲ ‘ಇಲ್ಲಿ ತಂಪು ಉಂಟು’ ಅಂದರೂ ಮೇಲಿದ್ದವರು ಹಗ್ಗ ಗಟ್ಟಿ ಹಿಡಿಯುತ್ತಾರೆ.

ನಿಮಗೆ ಸಿಕ್ಕಿದ್ದು ನೀರಿನ ಪದರ. ಆಟದಲ್ಲಿ ಇದು ಎರಡು ಬಗೆ. ಒಂದು ನಿಧಾನಕ್ಕೆ ಒಸರುವಂಥದ್ದು, ಇನ್ನೊಂದು ಭರ್ರೆಂದು ನುಗ್ಗುವಂಥದ್ದು. ಈ ವ್ಯತ್ಯಾಸ 2020ರ ಆವೃತ್ತಿಯಿಂದ ಬಂತು, ಅದಕ್ಕಿಂತ ಹಿಂದೆ ಎಲ್ಲವೂ ನುಗ್ಗುವುದೇ. ನಿಧಾನಕ್ಕೆ ಏರುತ್ತಿದೆ ಎಂದು ನೀವು ಬರೆದದ್ದರಿಂದ ನಿಮ್ಮದು ಒಸರು. ಹೆದರಬೇಡಿ, ಸರಿಮಾಡಬಹುದು.

ಆಟದಲ್ಲಿ ಒಂದು ಚೌಕದ ನೀರನ್ನು 1ರಿಂದ 7ರ ಅಳತೆಯಲ್ಲಿ ತೋರಿಸುತ್ತದೆ. 7 ಎಂದರೆ ಚೌಕ ತುಂಬಿತು. ಸ್ವಲ್ಪ ನೀರಿದ್ದರೆ ಕೆಲಸದವರು ನಡೆದಾಡುತ್ತಾರೆ, ಹೆಚ್ಚಾದರೆ ಕೆಲಸ ಬಿಡುತ್ತಾರೆ. ಹಾಗಾಗಿ ಒದ್ದೆ ಮಟ್ಟಗಳಲ್ಲಿ ಮೇಲಿನದರಿಂದ ಶುರು ಮಾಡಿ. ಮೆಟ್ಟಿಲಿನ ಸುತ್ತಲಿನ ಎಂಟು ಚೌಕವನ್ನು ಕಡಿಸಿ, ಕೂಡಲೇ ಅದೇ ಜಾಗದಲ್ಲಿ ಕಲ್ಲಿನ ಗೋಡೆ ಕಟ್ಟಿಸಿ. ಕಟ್ಟಿದ ಗೋಡೆಯಿಂದ ನೀರು ಒಸರುವುದಿಲ್ಲ. ಮುಗಿದ ಮೇಲೆ ಒಂದು ಮಟ್ಟ ಕೆಳಗೆ, ಮತ್ತೆ ಎಂಟು ಕಡಿ, ಎಂಟು ಕಟ್ಟು. ಕಲ್ಲಿನ ಬ್ಲಾಕುಗಳನ್ನು ಮೊದಲೇ ಮಾಡಿಸಿ ಮೆಟ್ಟಿಲ ಬಾಯಿಯಲ್ಲಿ ರಾಶಿ ಹಾಕಿಡಿ, ನೀರು ಬಂದ ಮೇಲೆ ಕಲ್ಲು ಹುಡುಕಲು ಹೋಗುವಂತಾಗಬಾರದು. ಮೇಲಿಂದ ಕೆಳಗೆ ಇದನ್ನೇ ಮಾಡುತ್ತಾ ಒಣ ಕಲ್ಲು ಸಿಗುವ ತನಕ ಹೋಗಬೇಕು. ನಮ್ಮಲ್ಲಿ ಮರಳು ನೆಲದ ಬಾವಿಗೆ ಸಿಮೆಂಟಿನ ರಿಂಗ್ ಇಳಿಸುವುದೂ ಇದೇ ಲೆಕ್ಕ. ನಿಮ್ಮ ಪಡುಬಿದ್ರಿಯ ಕಡಲ ಬದಿಯಲ್ಲಿ ರಿಂಗ್ ಇಲ್ಲದ ಬಾವಿ ಯಾರ ಮನೆಯಲ್ಲಿ ನಿಂತಿದೆ ಹೇಳಿ.

ನುಗ್ಗುವ ಬಗೆಯದ್ದಾದರೆ, ಹೊಸಬರಿಗೆ ನನ್ನ ಸಲಹೆ ಜಾಗ ಬದಲಿಸುವುದೇ. ಕೋಟೆಗೆ ಜಾಗ ಆರಿಸುವಾಗಲೇ ನೀರಿನ ಪದರ ಉಂಟೋ ಇಲ್ಲವೋ ಎಂದು ಪರದೆಯಲ್ಲಿ ಹೇಳುತ್ತದೆ. ಅದನ್ನು ಓದದೆ ಮುಂದೆ ಒತ್ತುವವರೇ ಹೆಚ್ಚು.

ಪ್ರಶ್ನೆ: ಊರಿನ ಮನೆಯ ಹಳೆ ಬಾವಿಯ ಹೂಳು ತೆಗೆಸಬೇಕು. ಮೊಮ್ಮಗ ನಿಮ್ಮ ಆಟ ಆಡುತ್ತಾನೆ, ‘ಅಜ್ಜ, ನನಗೆ ಬಾವಿ ಕೆಲಸ ಎಲ್ಲ ಗೊತ್ತು’ ಎನ್ನುತ್ತಾನೆ. ಎಷ್ಟು ನಿಜ?
— ನಿವೃತ್ತರು, ಮೂಡುಬಿದಿರೆ

ಉತ್ತರ: ಪದರ ಪದರವಾಗಿ ನೆಲ ಬದಲಾಗುವುದು, ನೀರು ಎಲ್ಲಿಂದ ಬರುತ್ತದೆಂದು ಕಾಯುವುದು, ಹತ್ತುವ ದಾರಿ ಮೊದಲು ನೋಡುವುದು, ಇಷ್ಟನ್ನು ಅವನು ಸರಿಯಾಗಿಯೇ ಕಲಿತಿರುತ್ತಾನೆ. ಎರಡು ವಿಷಯ ಆ ಆಟದಲ್ಲಿ ಇಲ್ಲವೇ ಇಲ್ಲ, ಅವು ಎರಡೂ ಜೀವ ತೆಗೆಯುವಂಥವು.

ಒಂದು, ಮಣ್ಣು ಜರಿಯುವುದು. ಆಟದಲ್ಲಿ ಮರಳಿನಲ್ಲಿ ನೂರಡಿ ನೇರ ತೋಡಿದರೂ ಗೋಡೆ ಹಾಗೆಯೇ ನಿಲ್ಲುತ್ತದೆ. ಪೂರ್ತಿ ಆಧಾರ ತಪ್ಪಿದ ತುಂಡು ಮಾತ್ರ ಬೀಳುತ್ತದೆ. ನಮ್ಮ ನೆಲ ಹಾಗಲ್ಲ. ಮೇಲೆ ಮುರಕಲ್ಲು ಬಂಡೆಯ ಹಾಗೆ ನಿಂತಿರುತ್ತದೆ, ಅದರ ಕೆಳಗೆ ಶೇಡಿ ಮಣ್ಣು. ಒಣಗಿದಾಗ ಶೇಡಿ ಗಟ್ಟಿ. ನೀರು ಕುಡಿದರೆ ಬೆಣ್ಣೆ. ಬಾವಿಯ ಬುಡ ಶೇಡಿಯಲ್ಲಿದ್ದರೆ ಮೇಲಿನ ಕಲ್ಲು ಚಂದ ಕಾಣುತ್ತಿದ್ದ ಹಾಗೆಯೇ ಕೆಳಗಿನಿಂದ ತಿಂದುಕೊಂಡು ಹೋಗುತ್ತದೆ. ಅಪ್ಪ ಬಾವಿ ಕೆಲಸವನ್ನೆಲ್ಲ ಪತ್ತನಾಜೆಯ ಒಳಗೆ, ಅಂದರೆ ಮೇ ಕೊನೆಯ ವಾರದ ಒಳಗೆ ಮುಗಿಸುತ್ತಿದ್ದರು. ಆ ಹೊತ್ತಿಗೆ ನೀರು ಅತಿ ಕೆಳಗೆ ಇರುತ್ತದೆ, ಆಗ ಸಿಕ್ಕಿದ ನೀರು ವರ್ಷವಿಡೀ ಇರುತ್ತದೆಂಬ ಧೈರ್ಯ. ಮತ್ತೆ ಮೊದಲ ಮಳೆ ಬಿದ್ದ ಮೇಲೆ ಎಷ್ಟು ಕೂಲಿ ಕೊಟ್ಟರೂ ಅವರು ಇಳಿಯುತ್ತಿರಲಿಲ್ಲ.

ಎರಡು, ಗಾಳಿ. ಕುಳ್ಳರು ನೂರು ಮಟ್ಟದ ಕೆಳಗೂ ಉಸಿರಾಡುತ್ತಾರೆ. ನಿಮ್ಮ ಬಾವಿ ಎಷ್ಟು ವರ್ಷದಿಂದ ಮುಚ್ಚಿದೆಯೋ ನೀವು ಬರೆದಿಲ್ಲ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಮನೆಯ ಹಾಳುಬಾವಿಯ ಹೂಳು ತೆಗೆಯುವುದಿತ್ತು. ಅಪ್ಪ ಹಗ್ಗದ ತುದಿಗೆ ಕೊಡಪಾನ ಕಟ್ಟಿ, ಅದರೊಳಗೆ ಉರಿಯುವ ಸಣ್ಣ ಚಿಮಿಣಿ ದೀಪ ಇಟ್ಟು, ರಾಟೆಯಲ್ಲಿ ಒಂದೊಂದೇ ಮೊಳ ಬಿಟ್ಟರು. ನಾನು ದಂಡೆಯ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿ ನೋಡುತ್ತಿದ್ದೆ, ಅಮ್ಮ ನನ್ನ ಲಂಗದ ನೆರಿಗೆ ಹಿಡಿದುಕೊಂಡಿದ್ದಳು. ಬೆಳಕಿನ ಒಂದು ಬಿಲ್ಲೆ ಇಳಿಯುತ್ತಾ ಇಳಿಯುತ್ತಾ, ಗೋಡೆಯ ಜರಿಗಿಡಗಳನ್ನು ಒಂದೊಂದಾಗಿ ತೋರಿಸುತ್ತಾ ಹೋಯಿತು. ಅರ್ಧ ದಾಟಿದ ಮೇಲೆ ಉರಿ ಸಣ್ಣದಾಯಿತು, ಹಳದಿ ಇದ್ದದ್ದು ಕೆಂಪಾಯಿತು, ಯಾರೋ ಬೆರಳಿನಿಂದ ಒತ್ತಿದ ಹಾಗೆ ಆರಿಹೋಯಿತು. ಗಾಳಿ ಬೀಸಿರಲಿಲ್ಲ. ಅಪ್ಪ ಎಂತದೂ ಮಾತಾಡದೆ ಹಗ್ಗ ಎಳೆದು ಸುತ್ತಿಟ್ಟರು. ಆ ದಿನ ಕೆಲಸವಿಲ್ಲ. ಮರುದಿನ ಮಾವಿನ ಸೊಪ್ಪಿನ ದೊಡ್ಡ ಕಟ್ಟನ್ನು ಹಗ್ಗಕ್ಕೆ ಕಟ್ಟಿ ಬೆಳಗ್ಗಿನಿಂದ ಮೇಲೆ ಕೆಳಗೆ ಎಳೆದು ಗಾಳಿ ಕಲಕಿ, ಮತ್ತೆ ದೀಪ ಇಳಿಸಿ ನೋಡಿದರು. ಎರಡು ದಿನ ಹೀಗೆ ಕಳೆಯಿತು. ಮನೆಯವರು ಕೂಲಿ ಲೆಕ್ಕ ಹಾಕುತ್ತಾ ಗೊಣಗಿದ್ದು ನೆನಪುಂಟು.

ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ತಗ್ಗಿನಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ದೀಪ ಆರಿದರೆ ಇಳಿಯಬಾರದು ಎಂಬುದು ಖಂಡಿತ. ಆದರೆ ದೀಪ ಉರಿಯಿತು ಎಂದ ಮಾತ್ರಕ್ಕೆ ಇಳಿಯಬಹುದು ಎಂದಲ್ಲ. ಕೊಳೆತ ಹೂಳಿನಿಂದ ಬರುವ ಹೈಡ್ರೋಜನ್ ಸಲ್ಫೈಡ್ ಸ್ವಲ್ಪವೇ ಇದ್ದರೂ ಮನುಷ್ಯ ಬೀಳುತ್ತಾನೆ, ಅಷ್ಟಕ್ಕೆ ದೀಪ ಆರುವುದಿಲ್ಲ. ಮೀಥೇನ್ ಇದ್ದರೆ ದೀಪವೇ ಬೆಂಕಿ ಹೊತ್ತಿಸುತ್ತದೆ. ಈಗ ಗಾಳಿ ಅಳೆಯುವ ಸಾಧನ ಉಂಟು, ಗಾಳಿ ಊದುವ ಬ್ಲೋವರ್ ಬಾಡಿಗೆಗೆ ಸಿಗುತ್ತದೆ, ಸೊಂಟಕ್ಕೆ ಕಟ್ಟುವ ಬೆಲ್ಟ್ ಉಂಟು. ಇವು ಇರುವ ಕೆಲಸದವರನ್ನೇ ಕರೆಯಿರಿ, ಎರಡು ಸಾವಿರ ಹೆಚ್ಚಾದರೂ. ಒಬ್ಬ ಒಳಗೆ ಬಿದ್ದರೆ ಎತ್ತಲು ಇನ್ನೊಬ್ಬ ಹಾಗೆಯೇ ಇಳಿಯಬಾರದು, ಮನೆಯವರೂ ಇಳಿಯಬಾರದು. ಅಗ್ನಿಶಾಮಕಕ್ಕೆ ಫೋನ್ ಮಾಡಬೇಕು. ಮೊಮ್ಮಗನಿಗೆ ಈ ಎರಡನ್ನೂ ನೀವೇ ಕೂತು ಹೇಳಿ, ಆಟ ಗೊತ್ತಿದ್ದವನಿಗೆ ಬೇಗ ತಲೆಗೆ ಹೋಗುತ್ತದೆ.

ಪ್ರಶ್ನೆ: ಅಕ್ಕಾ, ನನ್ನ ಆಸ್ಪತ್ರೆಗೆ ನೀರು ಬೇಕೆಂದು ಬಾವಿ ಕಟ್ಟಿದೆ. ಕೆಳಗೆ ಕೆರೆ ಮಾಡಿ ನೀರು ತುಂಬಿಸಿದ್ದೇನೆ, 7ರಲ್ಲಿ 7 ಉಂಟು. ಬಾವಿ ಮಾತ್ರ ಕೆಲಸ ಮಾಡುವುದಿಲ್ಲ. ಎಲ್ಲ ಮಟ್ಟದ ಚಿತ್ರ ತೆಗೆದು ಪೆನ್‌ಡ್ರೈವಿನಲ್ಲಿ ಕಳಿಸಿದ್ದೇನೆ.
— ಡಿಗ್ರಿ ವಿದ್ಯಾರ್ಥಿನಿ, ಕುಂದಾಪುರ

ಉತ್ತರ: ಚಿತ್ರ ಕಳಿಸಿದ್ದು ಬಹಳ ಒಳ್ಳೆಯದಾಯಿತು ತಂಗಿ, ಉಳಿದವರೂ ಹೀಗೆ ಮಾಡಿದರೆ ನನಗೆ ಊಹೆ ಮಾಡುವ ಕೆಲಸ ತಪ್ಪುತ್ತದೆ. ನೀನು ಸಾಮಾನು ಸರಿಯಾಗಿಯೇ ಹಾಕಿದ್ದೀ: ಕಲ್ಲಿನ ಬ್ಲಾಕ್, ಯಂತ್ರದ ಭಾಗ, ಕೊಡ, ಹಗ್ಗ. ಕಟ್ಟೆಯನ್ನು ತೆರೆದ ಗುಂಡಿಯ ಮೇಲೆಯೇ ಇಟ್ಟಿದ್ದೀ. ಇಪ್ಪತ್ತು ಮಟ್ಟ ಆಳವಾದರೂ ಹಗ್ಗ ಮುಟ್ಟುತ್ತದೆ, ಒಂದು ಹಗ್ಗವೇ ಸಾಕು, ಆಟ ಅಷ್ಟು ಉದಾರ. ಕಟ್ಟೆಯಿಂದ ನೀರಿನ ತನಕ ನಡುವೆ ಎಲ್ಲಿಯೂ ನೆಲ ಇರಬಾರದು, ಅಷ್ಟೇ ಷರತ್ತು.

ರಾತ್ರಿ ಹತ್ತು ಗಂಟೆಗೆ ನಿನ್ನ ಹದಿನೆಂಟು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ಹದಿನಾಲ್ಕನೇ ಮಟ್ಟದಲ್ಲಿ ನೀನು ಗುಂಡಿಯ ಚೌಕಕ್ಕೆ ಚಾನೆಲ್ ಬದಲು ಸಾದಾ ಕಡಿಯುವ ಗುರುತು ಹಾಕಿದ್ದೀ. ಸಾದಾ ಕಡಿದರೆ ಗೋಡೆ ಹೋಗುತ್ತದೆ, ನೆಲ ಉಳಿಯುತ್ತದೆ. ಉಳಿದ ಮಟ್ಟಗಳಲ್ಲಿ ಕಪ್ಪಗೆ ತೆರಪು ಕಾಣುವ ಜಾಗದಲ್ಲಿ ಅಲ್ಲಿ ಮಾತ್ರ ಬೂದು ಬಣ್ಣದ ಕಲ್ಲುನೆಲದ ಒಂದು ಚುಕ್ಕೆ ಉಂಟು. ಅದರ ಎಡಕ್ಕೆ ನಿನ್ನ ಹಳೆಯ ಗೋದಾಮಿನ ಗೋಡೆ, ಒಂದೇ ಚೌಕ ದಪ್ಪ. ಗೋದಾಮಿನಿಂದ ಆ ಗೋಡೆಗೆ ಕಿಂಡಿ ಮಾಡಿಸು, ಕೆಲಸದವನು ಕಿಂಡಿಯಲ್ಲಿ ನಿಂತು ಆ ಚೌಕಕ್ಕೆ ಚಾನೆಲ್ ಹೊಡೆಯಲಿ. ಅವನು ಗೋದಾಮಿಗೆ ಹಿಂದೆ ಸರಿದ ಮೇಲೆ ಕಿಂಡಿ ಮುಚ್ಚಿಸು. ಕೊಡ ನೀರಿಗೆ ಇಳಿಯುತ್ತದೆ.